ನಮ್ಮ ಪೀಚೆಕತ್ತಿ, ಅವರ ಕಬ್ಬಿಣದ ಅಂಗಿ

ಕಳೆದ ಬೇಸಿಗೆಯಲ್ಲಿ ಯಾರ್ಕ್‌ಷೈರಿನ ಒಂದು ಹುಲ್ಲುಗಾವಲಿನಲ್ಲಿ ಕಿವಿಗೆ ಬಿದ್ದ ಸಣ್ಣ ಮಾತೊಂದು ಕೊಡಗಿನ ನಮ್ಮ ಪೀಚೆಕತ್ತಿಯ, ಅಂದರೆ ನಡುವಿಗೆ ಸಿಕ್ಕಿಸುವ ಬಾಕುವಿನ, ಬಗೆಗಿನ ಈ ಬರಹಕ್ಕೆ ನನ್ನನ್ನು ಹಚ್ಚಿದೆ. ಹದಿನಾಲ್ಕನೆಯ ಶತಮಾನದ ಸೈನಿಕರ ಬದುಕನ್ನು ಉಡುಗೆ, ಅಡುಗೆ, ಆಯುಧಗಳ ಸಮೇತ ಮರಳಿ ಕಟ್ಟಿ ತೋರಿಸುವ ಹವ್ಯಾಸಿಗಳ ಶಿಬಿರ ಅದು. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಆ ಗುಂಪಿಗೆ ಹಳೆಯ ಕಾಲದ ಕಾಲುಜೋಡುಗಳನ್ನು ಹೊಲಿದುಕೊಡುವವರಾದ್ದರಿಂದ ಅವರ ಜೊತೆಗೆ ನಾನೂ ಹೋಗಿದ್ದೆ. ಶಿಬಿರದೊಳಗೆ ಕಾಲಿಡುವ ಮುನ್ನ ಪ್ರತಿಯೊಬ್ಬರ ವೇಷವನ್ನೂ ಪರೀಕ್ಷಿಸುವ ಪದ್ಧತಿ ಅಲ್ಲಿದೆ. ಪರೀಕ್ಷೆಗೆ ಕೂತಿದ್ದವರು ನಿವೃತ್ತ ಬಸ್ ಚಾಲಕರು. ಕಬ್ಬಿಣದ ಉಂಗುರಗಳನ್ನು ಹೆಣೆದ ತನ್ನ ಚೈನ್‌ಮೇಲ್ ಅಂಗಿಯನ್ನು ಹೆಮ್ಮೆಯಿಂದ ತೊಟ್ಟು ನಿಂತಿದ್ದ ತರುಣನ ತೋಳನ್ನು ಹಿಡಿದು, ಒಂದು ಉಂಗುರವನ್ನು ಎರಡು ಬೆರಳುಗಳ ನಡುವೆ ತಿರುಗಿಸಿ ನೋಡಿ, "ಇದು ಇಂಡಿಯನ್. ಹೊಸಬರಿಗೆ ನಡೆಯುತ್ತದೆ" ಎಂದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ನನ್ನ ಮುಖ ಕಂಡು, "ಸರಕಿನ ಮಾತು, ದೇಶದ ಮಾತಲ್ಲ" ಎಂದು ಸೇರಿಸಿದರು. ಆ ಎರಡನೆಯ ಮಾತನ್ನು ಆಡದೇ ಇದ್ದಿದ್ದರೆ ಮೊದಲನೆಯದು ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಅವರ ಆಕ್ಷೇಪದಲ್ಲಿ ಹುರುಳಿತ್ತು. ಆ ತರುಣನ ಅಂಗಿಯ ಉಂಗುರಗಳ ತುದಿಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವೇ ಹೊರತು ಬೆಸೆದಿರಲಿಲ್ಲ. ಅಂಥ ಉಂಗುರ ಈಟಿಯ ಮೊನೆ ತಾಗಿದ ಕೂಡಲೇ ಬಾಯಿ ಬಿಡುತ್ತದೆ. ನಿಜವಾದ ಯುದ್ಧಕ್ಕೆ ಹೋದವರು ಅದನ್ನು ತೊಟ್ಟಿರಲಾರರು. ಮಧ್ಯಯುಗದ ಯುರೋಪಿನ ಕಮ್ಮಾರರು ಮಾಡುತ್ತಿದ್ದ ರೀತಿಯೇ ಬೇರೆ. ಕಬ್ಬಿಣದ ತಂತಿಯನ್ನು ಸರಳಿಗೆ ಸುತ್ತಿ, ಸುರುಳಿಯನ್ನು ಕತ್ತರಿಸಿ ಉಂಗುರಗಳನ್ನು ಬಿಡಿಸಿ, ಅವನ್ನು ಕೆಂಪಗೆ ಕಾಯಿಸಿ ಆರಲು ಬಿಟ್ಟು ಮೆತ್ತಗಾಗಿಸಿ, ತುದಿಯ ಮೇಲೆ ತುದಿ ಕೂರಿಸಿ ಸುತ್ತಿಗೆಯಿಂದ ಚಪ್ಪಟೆ ಮಾಡಿ, ಆ ಜೋಡಣೆಯಲ್ಲಿ ಸೂಜಿಯ ಮೊನೆಯಷ್ಟು ತೂತು ಹೊಡೆದು, ಅದರೊಳಗೆ ಅಕ್ಕಿ ನುಚ್ಚಿಗಿಂತ ಚಿಕ್ಕದಾದ ರಿವೆಟ್ ಇಟ್ಟು ಅಮುಕುತ್ತಿದ್ದರು. ಪ್ರತಿ ಉಂಗುರವೂ ಅಕ್ಕಪಕ್ಕದ ನಾಲ್ಕು ಉಂಗುರಗಳ ಮೂಲಕ ಹಾದುಹೋಗಬೇಕು. ಒಬ್ಬನ ಮೈಗೆ ಸಾಲುವ ಅಂಗಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಉಂಗುರಗಳು ಬೇಕು. ಮುಗಿದಾಗ ಅದು ಸುಮಾರು 10 ಕಿಲೋ ತೂಗುತ್ತದೆ. ಈ ಬಸ್ ಚಾಲಕರು ತಮ್ಮ ಅಂಗಿಯನ್ನು ತಾವೇ, ರಾತ್ರಿ ಪಾಳಿ ಮುಗಿಸಿ ಬಂದು ಅಡುಗೆಮನೆಯ ಮೇಜಿನ ಮೇಲೆ, ವರ್ಷಗಟ್ಟಲೆ ಕೂತು ಮಾಡಿಕೊಂಡವರು. ಅವರ ಹೆಂಡತಿ ಇನ್ನೂ ಕಾರ್ಪೆಟ್ಟಿನಲ್ಲಿ ರಿವೆಟ್‌ಗಳನ್ನು ಹೆಕ್ಕುತ್ತಿದ್ದಾರಂತೆ.

ಆದರೆ ಅದೇ ಶಿಬಿರದಲ್ಲಿ ಅಡ್ಡಾಡುತ್ತಿದ್ದಾಗ ನನಗೆ ಕಂಡದ್ದು ಏನೆಂದರೆ, ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾದ, ರಿವೆಟ್ ಹಾಕಿದ ಉತ್ತಮ ಅಂಗಿಗಳಲ್ಲಿ ಬಹಳಷ್ಟು ಕೂಡ ಭಾರತದಲ್ಲೇ ತಯಾರಾದವು. ಗೂರ್ಖಾ ಸೈನಿಕರಿಗೆ ಖುಕುರಿ ಮಾಡಿಕೊಡುತ್ತಿದ್ದ ಡೆಹ್ರಾಡೂನಿನ ಕಂಪನಿಯೊಂದು ಇಂದು ಯುರೋಪಿನ ಖಡ್ಗ, ಶಿರಸ್ತ್ರಾಣಗಳನ್ನು ಜಗತ್ತಿಗೆಲ್ಲ ಮಾರುತ್ತದೆ. ಅಂಥ ಕಾರ್ಖಾನೆಗಳು ಉತ್ತರ ಭಾರತದಲ್ಲಿ ಇನ್ನೂ ಇವೆ. ಅಲ್ಲಿನ ಕೈಗಳು ರಿವೆಟ್ ಹೊಡೆಯದಿದ್ದರೆ ಈ ಹವ್ಯಾಸ ಕೆಲವೇ ಸಿರಿವಂತರ ಪಾಲಾಗುತ್ತಿತ್ತು. ಅಗ್ಗವಾದದ್ದು ಕಂಡರೆ ಇಂಡಿಯನ್, ಚೆನ್ನಾಗಿದ್ದರೆ ಹದಿನಾಲ್ಕನೆಯ ಶತಮಾನದ್ದು, ಎಂಬ ಈ ಲೆಕ್ಕಾಚಾರವನ್ನು ನಾನು ನನ್ನ ಸಹೋದ್ಯೋಗಿಗೆ ಹೇಳಿದೆ. ಅವರು ನಕ್ಕು, ಜೋಡಿನ ಅಟ್ಟೆಯನ್ನು ನೀರಿನಿಂದ ತೆಗೆದು, ಒಳಹೊರಗು ಮಾಡಲು ತೊಡಗಿದರು.

ಆ ಜೋಡಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದನ್ನು ಒಳಮೈ ಹೊರಗಿಟ್ಟುಕೊಂಡು, ಮೇಣ ಹಚ್ಚಿದ ನಾರಿನ ದಾರದಿಂದ ಹೊಲಿದು, ಚೆನ್ನಾಗಿ ನೆನೆಸಿ, ಕೊನೆಗೆ ತಿರುವಿಹಾಕುತ್ತಾರೆ. ಹೊಲಿಗೆಯೆಲ್ಲ ಒಳಗೆ ಹೋಗಿ ನೀರು, ಕಲ್ಲುಗಳಿಂದ ಬಚಾವಾಗುತ್ತದೆ. ಅವರಿಗೆ ಇದು ಹೇಗೆ ಗೊತ್ತಾಯಿತು ಎಂದರೆ, ಲಂಡನ್ನಿನಲ್ಲಿ ಥೇಮ್ಸ್ ದಡದ ಹಸಿಮಣ್ಣಿನಲ್ಲಿ ಅಗೆದಾಗ ಮಧ್ಯಯುಗದ ಜೋಡುಗಳು ರಾಶಿಗಟ್ಟಲೆ ಸಿಕ್ಕಿದವು. ಗಾಳಿಯಾಡದ ಕೆಸರಿನಲ್ಲಿ ತೊಗಲು ಕೊಳೆಯುವುದಿಲ್ಲ. ಸಿಕ್ಕ ಪ್ರತಿಯೊಂದನ್ನೂ ಅಳೆದು, ಬಿಡಿಸಿ, ಯಾವ ತುಂಡು ಎಲ್ಲಿ ಸೇರುತ್ತದೆ, ಹೊಲಿಗೆಯ ತೂತುಗಳು ಎಷ್ಟು ಅಂತರದಲ್ಲಿವೆ ಎಂಬುದನ್ನು ಅಲ್ಲಿನ ಸಂಗ್ರಹಾಲಯದವರು ಚಿತ್ರ ಸಮೇತ ಅಚ್ಚು ಹಾಕಿದರು. ನನ್ನ ಸಹೋದ್ಯೋಗಿ ಆ ಚಿತ್ರಗಳನ್ನು ಮುಂದಿಟ್ಟುಕೊಂಡೇ ಹೊಲಿಯುತ್ತಾರೆ. ಯಾರಾದರೂ ಬಂದು "ಈ ಗುಂಡಿ ಇಲ್ಲಿ ಯಾಕೆ?" ಎಂದರೆ ಪುಟ ತೆರೆದು ತೋರಿಸುತ್ತಾರೆ. ತೋರಿಸಲು ಆಗದ ಗುಂಡಿಯನ್ನು ಹಾಕುವುದಿಲ್ಲ.

ಶಿಬಿರದಲ್ಲಿ ನನಗೆ ಹಿಡಿಸಿದ್ದು ಈ ಪ್ರಶ್ನೆಯೇ. ಅಲ್ಲಿ ಯಾರೂ ಯಾರನ್ನೂ "ಎಷ್ಟು ಕೊಟ್ಟೆ?" ಎಂದು ಮೊದಲು ಕೇಳುವುದಿಲ್ಲ, "ಆಧಾರವೇನು?" ಎಂದು ಕೇಳುತ್ತಾರೆ. ಚರ್ಚುಗಳಲ್ಲಿ ಸಮಾಧಿಯ ಮೇಲೆ ಮಲಗಿಸಿದ ಯೋಧರ ಕಲ್ಲಿನ ಪ್ರತಿಮೆ ಒಂದು ಆಧಾರ. ಹಸ್ತಪ್ರತಿಯ ಅಂಚಿನ ಚಿತ್ರ ಇನ್ನೊಂದು. ನೆಲದಿಂದ ಎದ್ದ ವಸ್ತು ಎಲ್ಲಕ್ಕಿಂತ ಮೇಲು. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ವಿಸ್‌ಬಿ ಊರಿನ ಹೆಸರನ್ನು ಅವರು ನಾವು ತಲಕಾವೇರಿಯ ಹೆಸರು ಹೇಳುವಷ್ಟು ಭಕ್ತಿಯಿಂದ ಹೇಳುತ್ತಾರೆ. 1361ರ ಜುಲೈಯಲ್ಲಿ ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ಡೆಮಾರನ ಪಡೆ ಆ ದ್ವೀಪದ ರೈತರನ್ನು ಕೋಟೆಗೋಡೆಯ ಹೊರಗೆ ಕೊಚ್ಚಿಹಾಕಿತು. ಬೇಸಿಗೆಯ ಬಿಸಿಲಿನಲ್ಲಿ ಹೆಣಗಳು ಕೊಳೆಯತೊಡಗಿದ್ದರಿಂದ ಕವಚಗಳನ್ನು ಬಿಚ್ಚುವಷ್ಟು ವ್ಯವಧಾನವೂ ಇಲ್ಲದೆ ಅನೇಕರನ್ನು ಹಾಗೆಯೇ ಗುಂಡಿಗೆ ತಳ್ಳಲಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆ ಗುಂಡಿಗಳನ್ನು ಅಗೆದಾಗ 1,100ಕ್ಕೂ ಹೆಚ್ಚು ಜನರ ಮೂಳೆಗಳ ಜೊತೆಗೆ, ಬಟ್ಟೆ ಅಥವಾ ತೊಗಲಿನ ಒಳಮೈಗೆ ಕಬ್ಬಿಣದ ಹಲ್ಲೆಗಳನ್ನು, ಅಂದರೆ ಚಪ್ಪಟೆ ತುಂಡುಗಳನ್ನು, ರಿವೆಟ್ ಮಾಡಿ ಕೂರಿಸಿದ ಎದೆಗವಚಗಳೂ ಉಂಗುರದ ಕುಲಾವಿಗಳೂ ಸಿಕ್ಕಿದವು. ಒಂದೊಂದು ಕವಚಕ್ಕೂ ಅಂಕೆ ಕೊಟ್ಟು, ಹಲ್ಲೆಗಳ ಜೋಡಣೆಯನ್ನು ಬರೆದಿಟ್ಟರು. ಇಂದು ಯಾರ್ಕ್‌ಷೈರಿನ ಬಸ್ ಚಾಲಕರೊಬ್ಬರು ತಮಗೆ ಇಂಥ ಅಂಕೆಯ ಕವಚ ಬೇಕೆಂದು ನಿರ್ಧರಿಸಿ, ಅದರ ಹಲ್ಲೆಗಳನ್ನು ಕತ್ತರಿಸಿಕೊಳ್ಳಬಲ್ಲರು.

ಯುದ್ಧದ ಸಾಮಾನಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದಿನಬಳಕೆಯ ಸಾಮಾನು. ಕಾಲಿನಿಂದ ತುಳಿದು ನಡೆಸುವ ಲೇತಿನಲ್ಲಿ ತಿರುವಿದ ಮರದ ಬಟ್ಟಲು, ಕೊಂಬಿನ ಲೋಟ, ಮೂಳೆಯ ಸೂಜಿ, ನಮ್ಮ ಮಂಜಿಷ್ಠದ ಜಾತಿಗೇ ಸೇರಿದ ಮ್ಯಾಡರ್ ಬೇರಿನಿಂದ ಕೆಂಪು ಬಣ್ಣ ಕಟ್ಟಿದ ಉಣ್ಣೆ. ಊಟದಲ್ಲಿ ಆಲೂಗಡ್ಡೆಯಿಲ್ಲ, ಟೊಮ್ಯಾಟೊ ಇಲ್ಲ, ಏಕೆಂದರೆ ಅವು ಅಮೆರಿಕದಿಂದ ಯುರೋಪಿಗೆ ಬಂದದ್ದು ಆಮೇಲೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಹಡಗಿನಿಂದ 19,000ಕ್ಕೂ ಹೆಚ್ಚು ವಸ್ತುಗಳು ಬಂದಿವೆ. ಅವುಗಳಲ್ಲಿ ನಾವಿಕರ ಬಾಚಣಿಗೆಗಳೂ ಇವೆ. ಹದಿನಾರನೆಯ ಶತಮಾನದವರ ವೇಷ ಕಟ್ಟುವವರಿಗೆ ಆ ಬಾಚಣಿಗೆಯ ಹಲ್ಲುಗಳ ಸಂದು ಎಷ್ಟಿರಬೇಕೆಂಬುದು ಚರ್ಚೆಯ ವಿಷಯ. ಇದೆಲ್ಲ ಅತಿಯಾಯಿತು ಎಂದು ನನಗೂ ಮೊದಲು ಅನ್ನಿಸಿತ್ತು. ಆದರೆ ಒಬ್ಬ ಹೆಂಗಸು ತನ್ನ ಸೊಂಟದಿಂದ ಇಳಿಬಿಟ್ಟಿದ್ದ ಸಣ್ಣ ಲೋಹದ ಗೊಂಚಲನ್ನು ಬಿಡಿಸಿ ನನ್ನ ಅಂಗೈ ಮೇಲಿಟ್ಟಾಗ ಆ ಅನ್ನಿಸಿಕೆ ಅಲ್ಲಿಗೇ ನಿಂತಿತು. ಕಿವಿಗುಗ್ಗೆ ತೆಗೆಯುವ ಕಡ್ಡಿ, ಚಿಮಟ, ಉಗುರಿನ ಕೊಳೆ ತೆಗೆಯುವ ಮೊನೆ. ಥೇಮ್ಸ್ ದಡದಲ್ಲಿ ಸಿಕ್ಕ ವಸ್ತುಗಳ ಮಾದರಿ ಎಂದಳು. ನಾನು ಹೇಳಿದೆ, ಇದು ನಮ್ಮ ಮನೆಯಲ್ಲಿದೆ.

ನಮ್ಮ ಅಜ್ಜನ ಪೀಚೆಕತ್ತಿಯ ಒರೆಯಿಂದ ಇಳಿಯುವ ಬೆಳ್ಳಿ ಸರಪಳಿಯ ತುದಿಯಲ್ಲಿ ಅದೇ ಮೂರು ಸಾಮಾನುಗಳಿವೆ. ಕೊಡಗಿನ ನಾಪೋಕ್ಲು ಕಡೆಯ ನಮ್ಮ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿ, ಅದು ವರ್ಷಕ್ಕೊಮ್ಮೆ ಆಯುಧಗಳ ಹಬ್ಬವಾದ ಕೈಲ್ ಮುಹೂರ್ತದಂದು ಪೆಟ್ಟಿಗೆಯಿಂದ ಹೊರಬಂದು, ಕೋವಿ ಮತ್ತು ಅಗಲ ಅಲಗಿನ ಒಡಿಕತ್ತಿಗಳ ಪಕ್ಕದಲ್ಲಿ ತೋಕ್ ಪೂ ಎಂಬ ಹೂ ಮುಡಿದು, ಪೂಜೆ ಮಾಡಿಸಿಕೊಂಡು ಮತ್ತೆ ಪೆಟ್ಟಿಗೆ ಸೇರುತ್ತದೆ. ಆ ಹೆಂಗಸು ನೋಟ್‌ಪುಸ್ತಕ ತೆಗೆದಳು. ಒರೆಯ ಮರ ಯಾವುದು, ಬೆಳ್ಳಿಯ ತಗಡನ್ನು ಮರದ ಮೇಲೆ ಅಂಟಿಸಿದ್ದೋ ಮಡಚಿ ಬಿಗಿದದ್ದೋ, ಹಿಡಿಯೊಳಗೆ ಅಲಗಿನ ಬಾಲ ಎಲ್ಲಿಯವರೆಗೆ ಹೋಗಿದೆ, ಅರಗು ತುಂಬಿದ್ದಾರೆಯೇ, ಅಲಗಿನ ಬೆನ್ನು ಎಷ್ಟು ದಪ್ಪ. ನಾನು ಊರಿಗೆ ಫೋನ್ ಮಾಡಿ ದೊಡ್ಡಪ್ಪನನ್ನು ಕೇಳಿದೆ. ದೊಡ್ಡಪ್ಪ ತಮ್ಮ ಮದುವೆಯಲ್ಲಿ ಅದನ್ನು ನಡುಕಟ್ಟಾದ ಚೇಲೆಗೆ ಸಿಕ್ಕಿಸಿಕೊಂಡಿದ್ದವರು, ತಮ್ಮ ಇಬ್ಬರು ಮಕ್ಕಳ ಮದುವೆಯಲ್ಲೂ ಸಿಕ್ಕಿಸಿದವರು. "ಬೆಳ್ಳಿ ಬೆಳ್ಳಿಯೇ ಕಣೋ, ಮರ ಮರವೇ. ಅದನ್ನು ಬಿಚ್ಚಿ ನೋಡುವುದುಂಟೇ?" ಎಂದರು.

ನನ್ನ ಅಸಹನೆ ಶುರುವಾಗುವುದು ಇಲ್ಲಿಂದ. ಈ ಇಂಗ್ಲಿಷರಿಗೆ ತಮ್ಮ ಹದಿನಾಲ್ಕನೆಯ ಶತಮಾನದೊಂದಿಗೆ ಕೊಂಡಿಯೇ ಇಲ್ಲ. ಅವರ ಮನೆಗಳಲ್ಲಿ ಆ ಕಾಲದ ಒಂದು ಗುಂಡಿಯೂ ಉಳಿದಿಲ್ಲ. ಎಲ್ಲವನ್ನೂ ಕೆಸರಿನಿಂದ, ಗೋರಿಯಿಂದ, ಮುಳುಗಿದ ಹಡಗಿನಿಂದ ತೆಗೆದು ಕಲಿಯಬೇಕು. ನಮ್ಮಲ್ಲಿ ಕೊಂಡಿ ಕಡಿದೇ ಇಲ್ಲ. ಕುಪ್ಯವೆಂಬ ನಿಲುವಂಗಿ, ಚೇಲೆ, ತಲೆಗೆ ಸುತ್ತುವ ಮಂಡೆತುಣಿ, ಪೀಚೆಕತ್ತಿ, ಬೆನ್ನ ಹಿಂದಿನ ತೋಡಂಗ್, ಅದರಲ್ಲಿ ಸಿಕ್ಕಿಸಿದ ಒಡಿಕತ್ತಿ, ಇವೆಲ್ಲವೂ ಈಗಲೂ ಮೈಮೇಲೆ ಏರುತ್ತವೆ. ಆಯುಧದ ವಿಷಯದಲ್ಲಂತೂ ಸರ್ಕಾರವೇ ನಮ್ಮ ಪರಂಪರೆಯನ್ನು ಒಪ್ಪಿಕೊಂಡಿದೆ. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ಬ್ರಿಟಿಷರ ಕಾಲದ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ, ಮುಂದುವರಿಸಲಾಯಿತು. ಆ ವಿನಾಯಿತಿಗೆ ಧಕ್ಕೆ ಬಂದರೆ ಮಡಿಕೇರಿಯಲ್ಲಿ ಮೆರವಣಿಗೆ ಹೊರಡುತ್ತದೆ. ಒಡಿಕತ್ತಿ ಮಾಡುವುದನ್ನು ಬಲ್ಲ ಕೊನೆಯ ಕೈ ಯಾವ ಊರಿನಲ್ಲಿ ಯಾವ ವರ್ಷ ಸುತ್ತಿಗೆ ಕೆಳಗಿಟ್ಟಿತು ಎಂದು ಕೇಳಿಕೊಂಡು ಮಾತ್ರ ಯಾರೂ ಹೊರಡುವುದಿಲ್ಲ.

ಈಚಿನ ಒಂದು ಮದುವೆಯ ಕತೆ ಹೇಳಬೇಕು. ನಮ್ಮ ನೆಂಟರ ಹುಡುಗನ ಮದುವೆ, ವಿರಾಜಪೇಟೆಯ ಕಡೆ. ವೇಷವೆಲ್ಲ ಬಾಡಿಗೆಯದು. ಕುಪ್ಯ ಹೊಳೆಯುವ ಟೆರಿಕಾಟಿನದು, ಬೆನ್ನಿಗೆ ಜಿಪ್ ಇರಲಿಲ್ಲವೆಂಬುದೇ ಪುಣ್ಯ. ಬಾಳೆಯ ದಿಂಡು ಕಡಿಯುವ ಶಾಸ್ತ್ರದ ಹೊತ್ತಿಗೆ ವೋಲಗದವರು ಜೋರಾಗಿ ಬಾರಿಸಿದರು, ಕ್ಯಾಮೆರಾದವನು ಮೊಣಕಾಲೂರಿದ, ಮಾವನ ಸ್ಥಾನದಲ್ಲಿದ್ದವರು ಒಡಿಕತ್ತಿ ಬೀಸಿದರು. ಅದು ದಿಂಡಿನೊಳಗೆ ಅರ್ಧ ಹೋಗಿ ಬಾಗಿ ನಿಂತಿತು. ಅಲಂಕಾರಕ್ಕೆಂದು ತಗಡಿನಿಂದ ಕತ್ತರಿಸಿದ ಅದಕ್ಕೆ ಹದವೂ ಇಲ್ಲ, ಬೆನ್ನಿನಲ್ಲಿ ದಪ್ಪವೂ ಇಲ್ಲ. ಯಾರೋ ಹುಡುಗ ಓಡಿಹೋಗಿ ಅಡುಗೆಯವರ ಬಳಿಯಿಂದ ಸೌದೆ ಸೀಳುವ ಕತ್ತಿ ತಂದ. ಶಾಸ್ತ್ರ ಅದರಿಂದಲೇ ಪೂರೈಸಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಬಾಗಿನ ಅಂಚಿಗೆ ಸಾಣೆ ಹಿಡಿದು, ಮುಂದಕ್ಕೆ ಭಾರ ಬೀಳುವಂತೆ ತುದಿಯ ಕಡೆಗೆ ಅಗಲ ಮಾಡಿ, ಒಂದೇ ಬೀಸಿಗೆ ದಿಂಡು ಉರುಳಬೇಕೆಂದೇ ರೂಪಿಸಿದ ಆಯುಧ ಅದು. ಬಾಳೆ ಕಡಿಯುವುದೆಂದರೆ ಒಡಿಕತ್ತಿಗೇ ಇಟ್ಟ ಪರೀಕ್ಷೆಯಲ್ಲವೇ? ಇಲ್ಲಿ ಶಿಬಿರದ ಬಾಗಿಲಲ್ಲಿ ಕೂತ ಬಸ್ ಚಾಲಕರು ಮಾಡುವ ತಪಾಸಣೆಯನ್ನು ನಮ್ಮ ಹಿರಿಯರು ಮದುವೆಯ ಶಾಸ್ತ್ರದೊಳಗೇ ಇಟ್ಟಿದ್ದರು. ನಾವು ಆ ಪರೀಕ್ಷೆಯಲ್ಲಿ ಫೇಲಾಗಿ, ಫೋಟೋ ತೆಗೆಸಿಕೊಂಡು ಬಂದೆವು.

ದಸರೆಗೆ ಮಡಿಕೇರಿಗೆ ಹೋದವರಿಗೆ ಇನ್ನೊಂದು ಬಗೆಯ ಕವಚ ಗೊತ್ತು. ಮಂಟಪಗಳ ಮೇಲೆ ಮೋಟಾರು, ಹೊಗೆ, ಬಣ್ಣದ ದೀಪಗಳ ನಡುವೆ ಕುಣಿಯುವ ದೇವ ದಾನವರ ಥರ್ಮಾಕೋಲಿನ ಕಿರೀಟ ಕವಚಗಳು. ಆ ಕೆಲಸವನ್ನು ನಾನು ಹಳಿಯುವುದಿಲ್ಲ. ಒಂದು ರಾತ್ರಿಯ ಬೆರಗಿಗೆ ಅದು ತಕ್ಕದ್ದೇ. ಆದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಸರ್ಕಾರಿ ಮೆರವಣಿಗೆಯಲ್ಲಿ, ಧಾರಾವಾಹಿಯಲ್ಲಿ ಕೊಡಗನ್ನಾಳಿದ ಹಾಲೇರಿ ದೊರೆಗಳ ಸೈನಿಕನೆಂದು ಕಾಣಿಸಿಕೊಳ್ಳುವವನೂ ಅದೇ ಥರ್ಮಾಕೋಲಿನ ಎದೆಗವಚ ತೊಟ್ಟಿರುತ್ತಾನೆ, ಅದರ ಮೇಲೆ ರೋಮನ್ ಸೈನಿಕನ ಹೊಟ್ಟೆಯ ಮಡಿಕೆಗಳೂ ಮೂಡಿರುತ್ತವೆ. ನಮ್ಮವನು ಯುದ್ಧಕ್ಕೆ ನಿಜವಾಗಿ ಏನು ತೊಟ್ಟು ಹೋಗುತ್ತಿದ್ದ ಎಂಬ ಪ್ರಶ್ನೆ ನೋಡುವ ಸಾವಿರಾರು ಜನರಲ್ಲಿ ಒಬ್ಬನಿಗೂ ಏಳುವುದಿಲ್ಲವೆಂದರೆ ನಂಬುವುದು ಹೇಗೆ? ಏಳುತ್ತದೆ, ಆದರೆ ಕೇಳಿದವನನ್ನು ಕಿರಿಕಿರಿಯವನು ಎನ್ನುತ್ತಾರೆ.

ಆಧಾರಗಳು ಇಲ್ಲವೆಂದು ಹೇಳಲು ಬರುವುದಿಲ್ಲ. ಕೊಡಗಿನಲ್ಲೂ ವೀರಗಲ್ಲುಗಳಿವೆ, ಅವುಗಳ ಮೇಲೆ ಕತ್ತಿ ಹಿಡಿದ ರೀತಿ, ನಡುಕಟ್ಟು ಕಟ್ಟಿದ ರೀತಿ ಕಣ್ಣಿಗೆ ಕಾಣುತ್ತದೆ. ಹಳೇಬೀಡಿನ ಗೋಡೆಗಳಲ್ಲಿ ಯುದ್ಧದ ಸಾಲುಗಳಿವೆ, ಹಂಪೆಯ ಮಹಾನವಮಿ ದಿಬ್ಬದ ಮೇಲೆ ಸೈನಿಕರ, ಕುದುರೆಗಳ ಪಟ್ಟಿಕೆಗಳಿವೆ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್, ಕೃಷ್ಣದೇವರಾಯನ ಸೈನಿಕರು ತೊಟ್ಟಿದ್ದ ಪದರಪದರದ ಹೊಲಿಗೆಯ ಅಂಗಿಗಳನ್ನು, ಅವುಗಳಲ್ಲಿ ಸೇರಿಸಿದ ಗಟ್ಟಿ ತೊಗಲು ಮತ್ತು ಕಬ್ಬಿಣವನ್ನು ಬಣ್ಣಿಸಿದ್ದಾನೆ. ಅದನ್ನು ಓದುವಾಗ ನನಗೆ ಫ್ರಾನ್ಸಿನ ದೊರೆ ಹನ್ನೊಂದನೆಯ ಲೂಯಿ ನೆನಪಾಗುತ್ತಾನೆ. ಹದಿನೈದನೆಯ ಶತಮಾನದಲ್ಲಿ ಆತ ತನ್ನ ಸೈನಿಕರ ಅಂಗಿಗೆ 25ರಿಂದ 30 ಪದರ ಬಟ್ಟೆಯೂ ಒಂದು ಜಿಂಕೆಯ ತೊಗಲೂ ಇರಬೇಕೆಂದು ಆಜ್ಞೆ ಹೊರಡಿಸಿದ್ದ. ಆ ಆಜ್ಞೆಯನ್ನು ಓದಿಕೊಂಡು ಇಲ್ಲಿಯವರು ಹಳೆಯ ಲಿನನ್ ಹಾಸುಬಟ್ಟೆಗಳನ್ನು ಕೂಡಿಸಿ ಪದರ ಹೊಲಿದು, ಬಾಣ ಬಿಟ್ಟು, ಎಷ್ಟು ಪದರದವರೆಗೆ ಮೊನೆ ಇಳಿಯಿತೆಂದು ನೋಡುತ್ತಾರೆ. ಪಾಯಸ್‌ನ ಮಾತುಗಳನ್ನು ಓದಿ ಹೊಲಿಯಲು ಕೂತ ಒಬ್ಬ ಕನ್ನಡಿಗನನ್ನು ನನಗೆ ಯಾರಾದರೂ ತೋರಿಸಿದರೆ, ಅವನ ಲಿನನ್ನಿನ ಖರ್ಚು ನನ್ನದು.

ಇನ್ನು ನಮ್ಮ ಕತ್ತಿಗಳ ಅಳತೆ. ಇಂಗ್ಲೆಂಡಿನ ಹಲವು ಸಂಗ್ರಹಗಳಲ್ಲಿ ಕೊಡಗಿನ ಕತ್ತಿಗಳಿವೆ. ಅವುಗಳ ಉದ್ದ, ಅಗಲ, ತೂಕಗಳನ್ನು ಬರೆದಿಟ್ಟಿರುತ್ತಾರೆ, ಬೇಕೆಂದವರು ಕೇಳಿ ಪಡೆಯಬಹುದು. ನಾನಿರುವ ಲೀಡ್ಸ್ ನಗರದಲ್ಲಿ 1996ರಲ್ಲಿ ಬಾಗಿಲು ತೆರೆದ ರಾಯಲ್ ಆರ್ಮರೀಸ್ ಎಂಬ ಆಯುಧ ಸಂಗ್ರಹಾಲಯದಲ್ಲಿ ಭಾರತದ ಆನೆಯ ಕವಚವೊಂದಿದೆ. ಮದರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವನ ಹೆಂಡತಿ ಅದನ್ನು 1801ರಲ್ಲಿ ಇಂಗ್ಲೆಂಡಿಗೆ ಸಾಗಿಸಿದಳು. ಉಳಿದಿರುವ ಹಲ್ಲೆಗಳು 5,840, ತೂಕ 118 ಕಿಲೋ ಎಂದು ಎಣಿಸಿ, ತೂಗಿ ಹೇಳುತ್ತಾರೆ. ಅದರ ಮುಂದೆ ನಿಂತಾಗ ಕದ್ದ ಮಾಲೋ ಕೊಂಡ ಮಾಲೋ ಎಂಬ ಸಿಟ್ಟು ಏಳುವುದು ಸಹಜ. ನನಗೆ ಅದರ ಜೊತೆಗೆ ಇನ್ನೊಂದು ಸಿಟ್ಟೂ ಎದ್ದಿತು. ನಮ್ಮೂರ ಕಡೆಯ ಒಂದು ಪ್ರದರ್ಶನದಲ್ಲಿ ಗಾಜಿನೊಳಗಿದ್ದ ಕತ್ತಿಗೆ ಅಂಟಿಸಿದ ಚೀಟಿಯಲ್ಲಿ "ಕತ್ತಿ" ಎಂದಷ್ಟೇ ಬರೆದಿತ್ತು. ಅದು ಕತ್ತಿ ಎಂಬುದು ನನಗೆ ಕಾಣುತ್ತಲೇ ಇತ್ತು.

ಮಾಡುವ ಮನಸ್ಸಿದ್ದರೆ ನಮ್ಮವರಿಗೆ ಮಾಡಲಾಗದ್ದೇನೂ ಇಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿಗೆ ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ತಂಡ ಕಟ್ಟಿಕೊಂಡು ಬರುತ್ತವೆ. ಅಜ್ಜಿಯಿಂದ ಮೊಮ್ಮಗಳವರೆಗೆ ಮೈದಾನಕ್ಕೆ ಇಳಿಯುತ್ತಾರೆ. ಅದರ ಹತ್ತರಲ್ಲೊಂದು ಪಾಲು ಹುರುಪು ಇದ್ದರೂ ನಾಲ್ಕುನಾಡಿನ ಅರಮನೆಯ ಅಂಗಳದಲ್ಲಿ, ಹಾಲೇರಿ ದೊರೆ ದೊಡ್ಡವೀರರಾಜೇಂದ್ರ ಅದನ್ನು ಕಟ್ಟಿಸಿದ ಕಾಲದ ಒಂದು ದಿನವನ್ನು ಮರಳಿ ಕಟ್ಟಬಹುದು. ಇಂಗ್ಲಿಷರ ಕಟ್ಟುನಿಟ್ಟನ್ನೇ ಅಲ್ಲಿಗೂ ಹಾಕಿದರೆ ಏನೇನು ಹೊರಗುಳಿಯಬೇಕೆಂದು ನಾನೊಮ್ಮೆ ಪಟ್ಟಿ ಮಾಡುತ್ತಾ ಕೂತೆ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ, ಅದು ಹೋಗಬೇಕು. ಇಂಗ್ಲಿಷರ ಕಾಫಿ ತೋಟಗಳು ಮಡಿಕೇರಿಯ ಬಳಿ ಎದ್ದದ್ದು 1850ರ ದಶಕದಲ್ಲಿ, ಆ ಸಾಲುತೋಟಗಳೂ ಹೋಗಬೇಕು. ಹಸಿಮೆಣಸು ಪೋರ್ಚುಗೀಸರ ಹಡಗಿನಲ್ಲಿ ಬಂದು ಅಷ್ಟರಲ್ಲಿ ಊರವನೇ ಆಗಿಬಿಟ್ಟಿತ್ತು, ಅದಕ್ಕೆ ರಿಯಾಯಿತಿ ಕೊಡೋಣ; ಪಂದಿಕರಿಗೆ ಕಾಳುಮೆಣಸೂ ಹುಳಿಗೆ ಕಾಚಂಪುಳಿಯೂ ಹೇಗೂ ಇವೆ. ಕಾಫಿ, ಸಿಲ್ವರ್ ಓಕ್ ಇಲ್ಲದ ಕೊಡಗನ್ನು ಕಣ್ಣೆದುರು ತಂದುಕೊಳ್ಳಲು ನನ್ನ ಅಣ್ಣನ ಮಗನಿಗೆ ಹೇಳಿದೆ. "ಹಾಗಾದರೆ ಉಳಿಯುವುದು ಮಳೆ ಮಾತ್ರ, ಚಿಕ್ಕಪ್ಪ" ಎಂದ. ಮಳೆಯ ಜೊತೆಗೆ ಗದ್ದೆ, ದೇವರಕಾಡು, ಊರವರು ಸೇರುವ ಬಯಲಾದ ಮಂದ್, ಐನ್‌ಮನೆ ಉಳಿಯುತ್ತವೆ ಎಂದು ನಾನು ಹೇಳಬೇಕಾಯಿತು.

ಇಷ್ಟು ಬೈದ ಮೇಲೆ ಕೆಲವನ್ನು ಒಪ್ಪಿಕೊಳ್ಳದಿದ್ದರೆ ದೊಡ್ಡಪ್ಪನ ಮುಖ ನೋಡುವುದು ನನಗೆ ಕಷ್ಟವಾಗುತ್ತದೆ.

ಯಾರ್ಕ್‌ಷೈರಿನ ಬಸ್ ಚಾಲಕರಿಗೆ ಪಿಂಚಣಿಯಿದೆ, ಶನಿವಾರ ಭಾನುವಾರಗಳಿವೆ, ಬೆಚ್ಚಗಿನ ಅಡುಗೆಮನೆಯಿದೆ. ಅವರು ಮಾಡಿದ್ದನ್ನು ಅವರೇ ತೊಡುತ್ತಾರೆ. ಮಧ್ಯಯುಗದಲ್ಲಿ ಅವರ ನಾಡಿನಲ್ಲೂ ಹಾಗಿರಲಿಲ್ಲ. ಕವಚ ಮಾಡುವವರೇ ಬೇರೆ, ತೊಡುವವರೇ ಬೇರೆ, ಲಂಡನ್ನಿನ ಕವಚಗಾರರ ಸಂಘಕ್ಕೆ 1453ರಲ್ಲಿ ದೊರೆಯ ಸನದೂ ಸಿಕ್ಕಿತ್ತು. ಕೊಡಗಿನಲ್ಲಿ ಕತ್ತಿ ಹಿಡಿದವರ ಹೆಸರು ಬಾಳೊಪಾಟ್ ಎಂಬ ಹಾಡುಗಳಲ್ಲಿ ಉಳಿದಿದೆ, ಕಬ್ಬಿಣ ಕಾಯಿಸಿದ ಐರಿಗಳ ಹೆಸರನ್ನು ಎಷ್ಟು ಜನ ಹಾಡಿದ್ದಾರೆ? ಒರೆಯ ಮರ ಯಾವುದೆಂಬ ಪ್ರಶ್ನೆಯನ್ನು ನಾನು ದೊಡ್ಡಪ್ಪನಿಗೆ ಕೇಳಿದ್ದೇ ಅನ್ಯಾಯ. ಅದು ಅವರ ಮನೆಯ ಜ್ಞಾನವೇ ಆಗಿರಲಿಲ್ಲ; ಗದ್ದೆಯಾಚೆಯ ಇನ್ನೊಂದು ಮನೆಯದಾಗಿತ್ತು. ಆ ಮನೆಯ ಮಕ್ಕಳು ಈಗ ಕುಶಾಲನಗರದಲ್ಲಿ ಗೇಟು, ಗ್ರಿಲ್ಲು ಬೆಸುಗೆ ಹಾಕುತ್ತಾರೆ, ಮೈಸೂರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಒಂದು ಸರಿಯಾದ ಒಡಿಕತ್ತಿಗೆ ಎಷ್ಟು ದಿನದ ಕೂಲಿ ಕೊಡಬೇಕೋ ಅಷ್ಟು ಕೊಡಲು ಮದುವೆಯವರು ಸಿದ್ಧರಿಲ್ಲದಿರುವಾಗ, ಅವರು ಕುಲುಮೆ ಹೊತ್ತಿಸಿ ಕಾಯಬೇಕೆಂದು ಲೀಡ್ಸಿನಲ್ಲಿ ಕೂತು ಅಪ್ಪಣೆ ಕೊಡಲು ನಾನು ಯಾರು? ತಗಡಿನ ಕತ್ತಿಗೆ ತಪ್ಪು ಹೊರಿಸುವುದು ಸುಲಭ, ಅದನ್ನು ಬಾಡಿಗೆಗೆ ತಂದವರಲ್ಲಿ ನನ್ನ ಕಡೆಯವರೂ ಇದ್ದಾರೆ.

ಇನ್ನೊಂದನ್ನು ಇನ್ನಷ್ಟು ಅನುಮಾನಿಸುತ್ತಲೇ ಒಪ್ಪುತ್ತೇನೆ. ಭಾನುವಾರ ಸಂಜೆ ನಾಲ್ಕು ಗಂಟೆಗೆ ಆ ಹುಲ್ಲುಗಾವಲಿನ ಹದಿನಾಲ್ಕನೆಯ ಶತಮಾನ ಮುಗಿಯುತ್ತದೆ. ಡೇರೆಗಳು ಮಡಚಿ ವ್ಯಾನು ಸೇರುತ್ತವೆ, ಕವಚಕ್ಕೆ ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಡಬ್ಬಿಯಲ್ಲಿಡುತ್ತಾರೆ, ವಿಸ್‌ಬಿಯಲ್ಲಿ ಸತ್ತ ರೈತನ ಕವಚ ತೊಟ್ಟವನಿಗೆ ಆ ರೈತ ಏನೂ ಆಗಬೇಕಿಲ್ಲ. ಅವನಿಗೆ ಎಡೆ ಇಡುವವರಿಲ್ಲ. ನಮ್ಮಲ್ಲಿ ಕೈಲ್ ಮುಹೂರ್ತದಂದು ಪೀಚೆಕತ್ತಿಯನ್ನು ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಇಡುವಾಗ ಯಾರೂ ಯಾರ ವೇಷವನ್ನೂ ಹಾಕಿರುವುದಿಲ್ಲ. ಅಜ್ಜನದನ್ನು ಮೊಮ್ಮಗ ಇಡುತ್ತಾನೆ, ಅಷ್ಟೇ. ಅದನ್ನು ಬಿಚ್ಚಿ ನೋಡುವುದುಂಟೇ ಎಂದು ದೊಡ್ಡಪ್ಪ ಕೇಳಿದ್ದರಲ್ಲಿ ಸೋಮಾರಿತನ ಒಂದು ಪಾಲಿದ್ದರೆ, ಮರ್ಯಾದೆ ಮೂರು ಪಾಲಿತ್ತು. ಆ ಹೆಂಗಸಿಗೆ ನಾನು ಇದನ್ನು ವಿವರಿಸಲು ಹೋದೆ. ಆಕೆ ಎಲ್ಲವನ್ನೂ ಕೇಳಿ, "ಬಿಚ್ಚದೆಯೂ ತೂಕ ತೆಗೆಯಬಹುದಲ್ಲ?" ಎಂದಳು.

ಆದ್ದರಿಂದ ಈ ಬಾರಿಯ ಕೈಲ್ ಮುಹೂರ್ತಕ್ಕೆ ಅಣ್ಣನ ಮಗನಿಗೆ ಒಂದು ಕೆಲಸ ವಹಿಸಿದ್ದೇನೆ. ಪೂಜೆಗೆ ಮುನ್ನ, ದೊಡ್ಡಪ್ಪನ ಎದುರಿನಲ್ಲೇ, ಅವರ ಅಪ್ಪಣೆ ಪಡೆದು, ಮನೆಯ ಒಡಿಕತ್ತಿ ಮತ್ತು ಪೀಚೆಕತ್ತಿಗಳನ್ನು ತರಕಾರಿಯ ತಕ್ಕಡಿಯಲ್ಲಿ ತೂಗುವುದು, ಅಲಗಿನ ಬೆನ್ನನ್ನು ಮೂರು ಕಡೆ ಅಳೆಯುವುದು, ಸರಪಳಿಯ ಕೊಂಡಿಗಳನ್ನು ಎಣಿಸುವುದು, ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಆಮೇಲೆ ಐರಿಗಳ ಮನೆಯ ಹಿರಿಯರನ್ನು ಹುಡುಕಿಕೊಂಡು ಹೋಗಿ, ಆ ಕಾಗದವನ್ನು ಮುಂದಿಟ್ಟು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುವುದು, ಬರೆದದ್ದರ ಮೇಲೆ ಅವರ ಹೆಸರನ್ನು ಹಾಕುವುದು. ಸುಗ್ಗಿಯ ಹಬ್ಬವಾದ ಪುತ್ತರಿಯ ಸಮಯಕ್ಕೆ ನಾನೂ ಊರಿನಲ್ಲಿರುತ್ತೇನೆ. ಮಂದ್‌ನಲ್ಲಿ ಬೆತ್ತ, ಗುರಾಣಿಗಳ ಆಟವಾದ ಪರೆಯಕಳಿಗೆ ಇಳಿದವರ ಕಣಕಾಲಿಗೆ ಬೀಳುವ ಬೆತ್ತದ ಏಟಿಗೆ ಇಲ್ಲಿನ ಯಾವ ನಾಟಕದ ಯುದ್ಧವೂ ಸಾಟಿಯಲ್ಲ ಎಂಬುದನ್ನು ನಾನು ಈ ಇಂಗ್ಲಿಷರಿಗೆ ಹಲವು ಸಲ ಹೇಳಿದ್ದೇನೆ, ಅವರು ನಂಬಿದಂತೆ ಕಾಣುವುದಿಲ್ಲ. ಆದರೆ ಆ ಆಟದ ಗುರಾಣಿಯನ್ನು ಹಿಂದೆ ಯಾವುದರಿಂದ, ಹೇಗೆ ಮಾಡುತ್ತಿದ್ದರು ಎಂದು ಮಂದ್‌ನಲ್ಲಿ ಕೇಳಿದರೆ ಮೂವರು ಹಿರಿಯರು ಮೂರು ಉತ್ತರ ಕೊಟ್ಟು, ಆಮೇಲೆ ತಮ್ಮತಮ್ಮಲ್ಲೇ ಜಗಳಕ್ಕೆ ನಿಲ್ಲುತ್ತಾರೆ. ಅಣ್ಣನ ಮಗ ಮೂರನ್ನೂ ಬರೆದುಕೊಳ್ಳಲಿ, ಜಗಳವನ್ನೂ.